ಎಡವಿದ ನಕ್ಷತ್ರ

ನಕ್ಷತ್ರವೆಂದರೆ ಜಲಜನಕದ ಉಂಡೆ ಎಂದು ಶಾಲೆಯಲ್ಲಿ ಉರುಹೊಡೆದವರಿಗೆ ಖಗೋಳ ವೀಕ್ಷಣಾಲಯದ ಮೇಷ್ಟ್ರ ನಕ್ಷತ್ರ ಒಂದು ತಲೆನೋವು. ಅದರಲ್ಲಿ ಜಲಜನಕ ದುರ್ಬೀನು ಹಾಕಿ ಹುಡುಕಿದರೂ ಸಿಗುವುದಿಲ್ಲ, ಹೆಚ್ಚುಕಮ್ಮಿ ಬರೀ ಹೀಲಿಯಂ. "ಜನಕನಿಲ್ಲದ ಕೂಸು" ಎಂದು ಮೇಷ್ಟ್ರು ನಗುತ್ತಿದ್ದರು. ಆ ಕೂಸು ಎರಡೂವರೆ ಗಂಟೆಗೊಮ್ಮೆ ಉಬ್ಬಿ ಕುಗ್ಗುತ್ತದೆ, ಗಡಿಯಾರ ನಾಚಬೇಕು, ಅಷ್ಟು ಕರಾರುವಾಕ್ಕಾಗಿ. ಆದರೆ ಇಪ್ಪತ್ತೇಳು ವರ್ಷದ ಹಿಂದೆ, ಒಂದೇ ಒಂದು ವರ್ಷ, ಅದು ಆರು ನಿಮಿಷ ತಡಮಾಡಿತು. ಮರುವರ್ಷ ಏನೂ ಆಗಿಲ್ಲವೆಂಬಂತೆ ಸರಿಹೋಯಿತು. ಅದನ್ನು ಕುರಿತು ಮೇಷ್ಟ್ರು ಬರೆದ ನಾಲ್ಕು ಪುಟಗಳೇ ಅವರ ಹೆಸರನ್ನು ದೇಶದೇಶಕ್ಕೆ ಒಯ್ದವು.

ಅದು ಯಾಕೆ ಎಡವಿತು ಎಂದು ಹೇಳುವ ಕೆಲಸ ಅವರ ಕೊನೆಯ ಶಿಷ್ಯೆಯ ಪಾಲಿಗೆ ಬಂತು. ಮೇಷ್ಟ್ರು ಅಚ್ಚು ಹಾಕಿಸಿದ್ದ ವೇಳೆಗಳ ಪಟ್ಟಿ ಹಿಡಿದು ಮೂರು ವರ್ಷ ತಲೆ ಕೆರೆದುಕೊಂಡಳು, ಯಾವ ಸಿದ್ಧಾಂತವೂ ಒಗ್ಗಲಿಲ್ಲ. ಮುಂದಿನ ವಾರ ಪ್ರಬಂಧ ಒಪ್ಪಿಸಬೇಕು, ತಿಂಗಳ ಕೊನೆಗೆ ಮೇಷ್ಟ್ರ ನಿವೃತ್ತಿ. ಬೇರೆ ದಾರಿ ಕಾಣದೆ ಒಂದು ಮಧ್ಯಾಹ್ನ ಆ ವರ್ಷದ ಮೂಲ ದಾಖಲೆ ಪುಸ್ತಕವನ್ನೇ ತೆಗೆದಳು. ಪೋಣಿಸಿದ ಮಣಿಯಂಥ ಅಂಕಿಗಳು. ಅಮ್ಮನ ಕೈಬರಹ! ಅಮ್ಮ ಇದೇ ವೀಕ್ಷಣಾಲಯದಲ್ಲಿ ಒಂದು ವರ್ಷ ಗುಮಾಸ್ತೆಯಾಗಿದ್ದು, ಇವಳು ಹುಟ್ಟುವ ಹೊತ್ತಿಗೆ ಬಿಟ್ಟಿದ್ದಳು. ಪ್ರತಿ ಹಾಳೆಯ ತಲೆಯಲ್ಲೂ "ತಿದ್ದಿದೆ" ಎಂದಿತ್ತು.

ಮನೆಗೆ ಬಂದರೆ ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಅಮ್ಮಾ, ಹಾಳೆ ಮೇಲೆ 'ತಿದ್ದಿದೆ' ಅಂತ ಬರೆದಿದ್ಯಲ್ಲ, ಏನು ತಿದ್ದಿದ್ದೆ?"

"ವೇಳೆ ಕಣೇ. ಆ ತಿಂಗಳುಗಳಲ್ಲಿ ಭೂಮಿ ಸೂರ್ಯನಿಗಿಂತ ಆ ನಕ್ಷತ್ರಕ್ಕೆ ಹತ್ರ ಇರುತ್ತೆ, ಬೆಳಕು ನಮಗೆ ಮುಂಚೆ ಬಂದ್ಬಿಡುತ್ತೆ. ಸೂರ್ಯನ ಲೆಕ್ಕಕ್ಕೆ ತರೋಕೆ ಆರು ನಿಮಿಷ ಸೇರಿಸ್ಬೇಕು. ನಿನಗೆ ಗೊತ್ತಿಲ್ವಾ?"

"ನನಗೆ ಗೊತ್ತು. ನಿನಗೆ ಯಾರು ಹೇಳಿಕೊಟ್ರು?"

"ಕಪಾಟಲ್ಲಿ ಪುಸ್ತಕ ಇತ್ತಲ್ಲ. ಓದಿದೆ."

ಮಗಳಿಗೆ ಈಗ ತಿಳಿಯಿತು. ಅದೇ ಆರು ನಿಮಿಷವನ್ನು ಮೇಷ್ಟ್ರು ಪ್ರತಿ ವರ್ಷದಂತೆ ತಾವೂ ಮತ್ತೊಮ್ಮೆ ಸೇರಿಸಿದ್ದರು. ನಕ್ಷತ್ರ ಎಡವಿರಲೇ ಇಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು. ಬಿಟ್ಟರೆ ಮೇಷ್ಟ್ರ ಹೆಸರು, ತನ್ನ ಮೂರು ವರ್ಷ, ಎರಡೂ ನೀರುಪಾಲು. ಮೇಷ್ಟ್ರೆಂದರೆ ಅವಳಿಗೆ ಪ್ರೀತಿ, ಕಷ್ಟವಿದ್ದದ್ದೇ ಅಲ್ಲಿ. ಆದರೂ ಬೆಳಗ್ಗೆ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟು, "ಇದು ನಮ್ಮಮ್ಮ ಬರೆದದ್ದು ಸರ್" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು.

ಮೇಷ್ಟ್ರು ಪೆನ್ಸಿಲ್ ಹಿಡಿದು ಒಂದು ಸಾಲಿನಿಂದ ಆರು ಕಳೆದರು, ಇನ್ನೊಂದರಿಂದ ಕಳೆದರು.

"'ತಿದ್ದಿದೆ' ಅನ್ನೋದನ್ನ ನಾನು ಆಗ್ಲೇ ನೋಡಿದ್ದೆ" ಎಂದರು. "ನಕಲು ಮಾಡುವಾಗಿನ ತಪ್ಪು ತಿದ್ದಿರಬೇಕು ಅಂದ್ಕೊಂಡೆ. ಗುಮಾಸ್ತೆ ಇನ್ನೇನು ತಿದ್ದಾರು, ಅಂತ."

ಅವಳಿಗೆ ರೇಗಿತು. ಆದರೆ ಆ ಸಿಟ್ಟು ನಿಲ್ಲಲಿಲ್ಲ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವಳು ತಾನೇ ಅಲ್ಲವೇ? ಮೂರು ವರ್ಷ ಅಮ್ಮನ ಎದುರು ಕೂತು ಉಂಡರೂ ಈ ನಕ್ಷತ್ರದ ಸುದ್ದಿ ಎತ್ತಿರಲಿಲ್ಲ, ಅಮ್ಮನಿಗೆ ಇದೆಲ್ಲ ಎಲ್ಲಿ ಅರ್ಥವಾದೀತು ಎಂದು. ನಾಚಿಕೆಯಾಯಿತು.

"ನಾನೂ ಕೇಳ್ಲಿಲ್ಲ ಸರ್."

ಮೇಷ್ಟ್ರು ಹಾಳೆ ಎಳೆದುಕೊಂಡು ವಿಜ್ಞಾನ ಪತ್ರಿಕೆಗೆ ತಪ್ಪೊಪ್ಪಿಗೆ ಬರೆಯತೊಡಗಿದರು. ವೇಳೆಯನ್ನು ಮೊದಲೇ ಸರಿಯಾಗಿ ತಿದ್ದಿದ್ದವರು ಇಂಥವರು ಎಂದು ಬರೆಯುವಲ್ಲಿ ಪೆನ್ನು ನಿಂತಿತು. ಒಂದು ವರ್ಷ ಪಕ್ಕದ ಕೋಣೆಯಲ್ಲೇ ಕೂತು ಕೆಲಸ ಮಾಡಿದ್ದವಳು.

"ನಿಮ್ಮಮ್ಮನ ಹೆಸರೇನಮ್ಮಾ?"

ಅವಳು ಹೇಳಿದಳು. ತಪ್ಪಾಗದಿರಲಿ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.