ಬಯಲಿಗೆ ಬಿಟ್ಟ ದಿನ

ನಾನು ಬಾಯಿಬಡುಕಿ. ಮೂರು ವರ್ಷ ಭಾವನ ತಲೆ ತಿಂದಿದ್ದೇನೆ: ಹಸುಗಳನ್ನು ಕೊಟ್ಟಿಗೆಯಲ್ಲೇ ಕಟ್ಟಬೇಡಿ, ಹಿಂದಿನ ಬಯಲಿಗೆ ಬಿಡಿ, ಗೊರಸು ಕೊಳೆಯುತ್ತಿವೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ‘ಬಯಲಲ್ಲಿ ಮೇಯ್ದ ಹಸುವಿನ ಹಾಲು’ ಎಂದು ಪ್ಯಾಕೆಟ್ ಮೇಲೆ ಅಚ್ಚಾದರೆ ಗಿರಾಕಿಗಳು ಮುಗಿಬೀಳುತ್ತಾರೆಂದು ಯಾರೋ ಹೇಳಿದ ಮೇಲೆ ಭಾವನಿಗೆ ಜ್ಞಾನೋದಯವಾಯಿತು.

ಆ ಅಚ್ಚಿಗೆ ಒಬ್ಬ ಅಧಿಕಾರಿ ಮೇಡಂ ಬಂದು ನೋಡಿ ಸಹಿ ಹಾಕಬೇಕು. ಅವರೆದುರು ಹಸುಗಳು ಗಬಗಬನೆ ಮೇಯಲೆಂದು ಭಾವ ಹಿಂದಿನ ಸಂಜೆಯಿಂದ ಒಂದೆಳೆ ಹುಲ್ಲೂ ಹಾಕಲಿಲ್ಲ. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಹನ್ನೆರಡು ಹಸುಗಳನ್ನೂ ಬಯಲಲ್ಲಿ ಮೇವಿಗೆಂದು ಬೆಳೆದಿದ್ದ ಕುದುರೆ ಮೆಂತ್ಯದ ಎಳೆ ಸೊಪ್ಪಿಗೆ ಬಿಡಲು ಹೊರಟರು. ಖಾಲಿ ಹೊಟ್ಟೆಗೆ ಒದ್ದೆ ಸೊಪ್ಪು ಬಿದ್ದರೆ ಹೊಟ್ಟೆ ಉಬ್ಬುತ್ತದೆ, ಮೊದಲು ಒಣಹುಲ್ಲು ಹಾಕಿ ಎಂದೆ.

“ಅವು ಹೊಟ್ಟೆ ತುಂಬಿ ಮಲಗಿದ್ರೆ ಮೇಡಂ ನಿನ್ನ ಫೋಟೊ ತೆಗೀತಾರಾ?” ಎಂದರು.

ಬಿಳಿಮೂತಿ, ನನ್ನ ತವರಿನಿಂದ ಕರುವಾಗಿ ಬಂದವಳು, ಬಾಲ ಎತ್ತಿಕೊಂಡು ಓಡಿದಳು. ಆ ವಯಸ್ಸಿಗೆ ಆ ಕುಣಿತ ನೋಡಿ ನನಗೆ ಅಳು ಬಂತು. ಅಷ್ಟರಲ್ಲಿ ಬಂದಿದ್ದ ಮೇಡಂ ಫೋಟೊ ತೆಗೆದರು.

ಅವರು ವರಾಂಡದಲ್ಲಿ ಕೂತು ಕಾಗದ ತುಂಬುವಾಗ ಬಿಳಿಮೂತಿಯ ಹೊಟ್ಟೆ ಉಬ್ಬಿತು. ಉಸಿರು ಸಿಗದೆ ನಾಲಿಗೆ ಚಾಚಿ ಕುಸಿದಳು. ಓಡಿ ಚಾಕು ತಂದೆ. ಎಡಪಕ್ಕೆಯ ಕುಳಿಯಲ್ಲಿ ತಿವಿದು ಗಾಳಿ ಬಿಟ್ಟರೆ ಹಸು ಉಳಿಯುತ್ತದೆ. ಅಪ್ಪ ಹಾಗೆ ಉಳಿಸಿದ್ದನ್ನು ನೋಡಿದ್ದೆ.

ಭಾವ ಕೈ ಹಿಡಿದರು. “ರಕ್ತ ನೋಡಿ ಯಾರು ಸಹಿ ಹಾಕ್ತಾರೆ? ಸಹಿ ಬೀಳಲಿಲ್ಲ ಅಂದ್ರೆ ಇನ್ನು ಒಂದು ಹಸುನೂ ಹೊರಗೆ ಕಾಲಿಡಲ್ಲ. ಒಂದು ಬೇಕೋ, ಹನ್ನೊಂದು ಬೇಕೋ, ನೀನೇ ಹೇಳಮ್ಮ.”

“ಸಹಿ ಬಿದ್ರೆ ದಿನಾ ಬಿಡ್ತೀರಾ?”

“ದಿನಾ. ನನ್ನ ಮಕ್ಕಳಾಣೆ.”

ಬಾಯಿ ಮುಚ್ಚಿಕೊಂಡೆ. ಚಾಕು ಬಚ್ಚಿಟ್ಟು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

“ಹೊಟ್ಟೆ ತುಂಬ ಮೇಯ್ದು ಮಲಗಿದೆ ಅಲ್ವಾ?” ಎಂದು ಮೇಡಂ ದೂರದಿಂದ ಕೈ ಬೀಸಿದರು. ನಾನೂ ಬೀಸಿದೆ. ಕಾರು ಗೇಟು ದಾಟುವಷ್ಟರಲ್ಲಿ ಬಿಳಿಮೂತಿಯ ಉಸಿರು ನಿಂತಿತ್ತು.

ಮರುದಿನ ಕೊಟ್ಟಿಗೆಗೆ ಹೋದರೆ ಹನ್ನೊಂದೂ ಸರಪಳಿಯಲ್ಲಿದ್ದವು.

“ಮಕ್ಕಳ ಮೇಲೆ ಆಣೆ ಇಟ್ಟಿದ್ರಿ, ಭಾವ.”

“ಹೊರಗೆ ಬಿಟ್ರೆ ಸಾಯ್ತವೆ ಅಂತ ನೀನೇ ಕಣ್ಣಾರೆ ನೋಡಿದ್ಯಲ್ಲ,” ಎಂದರು.

ಈಗ ನಮ್ಮ ಪ್ಯಾಕೆಟ್ ಮೇಲೆ ಬಿಳಿಮೂತಿಯ ಫೋಟೊ ಇದೆ, ಬಾಲ ಎತ್ತಿ ಓಡುತ್ತಿರುವುದು. ದಿನಾ ಬೆಳಿಗ್ಗೆ ಹನ್ನೊಂದರ ಹಾಲು ಕರೆದು ಅದರಲ್ಲಿ ತುಂಬುವವಳು ನಾನೇ.