ಬೋನಸ್ ಪುಟದ ಲೋಟ

"ಅದಲ್ಲ ಬೇವರ್ಸಿ. ನಿನ್ನದು ಅಲ್ಲಿ ಕಿಟಕಿಯಲ್ಲಿ ಉಂಟಲ್ಲ. ಕಣ್ಣು ಕಾಣ್ತದಾ ಇಲ್ವಾ?"

ಲೋಲಾಕ್ಷಿ ತಾನೇ ತೊಳೆದು ಕವುಚಿಟ್ಟ ಲೋಟವೊಂದಕ್ಕೆ ನೀರು ಹಿಡಿದಿದ್ದಳು, ಅಷ್ಟೇ. ದಿಲ್ಲಿಯ ಮುನಿರ್ಕಾದ ಆ ಸೆಕೆಯಲ್ಲಿ ಕಿಟಕಿಯ ತನಕ ಹೋಗಲು ಕಾಲು ಬಂದಿರಲಿಲ್ಲ. ಗಲ್ಲಾದಲ್ಲಿ ಕೂತು ಬೈದ ಜಯಾನಂದ ಧಣಿಯ ಶಾಸ್ತ್ರ ಬಲು ಸೂಕ್ಷ್ಮ. ಹೊಟೇಲಿನ ಲೋಟವನ್ನೆಲ್ಲ ಅವಳು ತಿಕ್ಕಬಹುದು, ತೊಳೆಯಬಹುದು, ಒರೆಸಿ ಜೋಡಿಸಬಹುದು. ಬಾಯಿಗೆ ಇಟ್ಟರೆ ಮಾತ್ರ ಮೈಲಿಗೆ. ಅವಳ ಲೋಟಕ್ಕೆ ಹೊಟ್ಟೆಯ ಮೇಲೊಂದು ಕೆಂಪು ಪೇಂಟಿನ ಚುಕ್ಕೆ, ಹಿಂಬದಿಯ ಕಿಟಕಿಯಲ್ಲಿ ಜಾಗ. ಊರಿಂದ ದಿಲ್ಲಿಗೆ ಬರುವಾಗ ಧಣಿಯ ಮನೆಯವರು ಕುಚ್ಚಲಕ್ಕಿ, ತೆಂಗಿನೆಣ್ಣೆ, ದೇವರ ಪಟದ ಜೊತೆಗೆ ಈ ಚುಕ್ಕೆಯನ್ನೂ ಕಟ್ಟಿಕೊಂಡು ಬಂದಿದ್ದರು. ಅವಳ ಜಾತಿಯ ಹೆಸರನ್ನು ಹೊಟೇಲಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಮರ್ಯಾದಸ್ಥರು. ಚುಕ್ಕೆಯೇ ಹೇಳುತ್ತಿತ್ತು.

ಅವಳು ನೀರು ಚೆಲ್ಲಿ ಕಿಟಕಿಗೆ ಹೋದಳು. ಮಲಗುವ ಅಟ್ಟವೂ ಧಣಿಯದ್ದೇ.

ಧಣಿಯ ಮಗ ದೀಕ್ಷಿತ್ ದಿಲ್ಲಿಯಲ್ಲೇ ಹುಟ್ಟಿದವನು. ಮೊಬೈಲಿನಲ್ಲಿ ಓದುವ ಚಿತ್ರಕಥೆ, ವೆಬ್ ಕಾಮಿಕ್, ಬರೆಯುತ್ತಿದ್ದ. ಅಜ್ಜ ಬರಿಗೈಯಲ್ಲಿ ಬಂದು ಹೊಟೇಲು ಕಟ್ಟಿದ ಕಥೆ. ಅದರಲ್ಲಿ ರುಬ್ಬುವವನೂ ಅಜ್ಜ, ಬೇಯಿಸುವವನೂ ಅಜ್ಜ. ಪಾತ್ರೆ ತೊಳೆಯುವವರು ಯಾರೂ ಇಲ್ಲ, ಆ ಕಾಲದಲ್ಲಿ ಪಾತ್ರೆಗಳು ತಾವೇ ಮಿಂದು ಬರುತ್ತಿದ್ದವೋ ಏನೋ. ಕಥೆಯಲ್ಲಿ ಜಾಗ ಸಿಗದವರಿಗೆ ಪ್ರತಿ ಅಧ್ಯಾಯದ ಕೊನೆಗೊಂದು ಬೋನಸ್ ಪುಟ. ಚಂದಾ ಕೊಟ್ಟವರಿಗೆ ಮಾತ್ರ ಅದರ ದರ್ಶನ.

ಈ ಸಲದ ಬೋನಸ್ಸಿನಲ್ಲಿ ಲೋಲಾಕ್ಷಿಯೇ ಇದ್ದಳು. ದೋಸೆ ಹೊಯ್ಯುವ ಸುಕೇಶ್ ಮೊಬೈಲು ತಂದು ತೋರಿಸಿದ. ಗುಡಾಣದಂಥ ಹೊಟ್ಟೆ, ತಲೆಗೆ ಕಿರೀಟ, ಕೈಯಲ್ಲಿ ಚುಕ್ಕೆಯ ಲೋಟ. ಕೆಳಗಿನ ಇಂಗ್ಲಿಷನ್ನು ಅವನು ನಗು ತಡೆದುಕೊಂಡು ಬಿಡಿಸಿ ಹೇಳಿದ: ಇದು ಲೋಲಾಕ್ಷಿ ಆಂಟಿಯ ಸ್ಪೆಷಲ್ ಲೋಟ, ಬೇರೆ ಯಾರೂ ಇದರಲ್ಲಿ ಕುಡಿಯುವ ಹಾಗಿಲ್ಲ.

ಹುಡುಗ ಸುಳ್ಳು ಬರೆದಿರಲಿಲ್ಲ.

ಅವಳು ದೀಕ್ಷಿತನನ್ನು ಹುಡುಕಿಕೊಂಡು ಹೋಗಿ ಆ ಪುಟ ತೆಗೆಯಲು ಹೇಳಿದಳು. ಅಜ್ಜನಿಗೂ ಇಷ್ಟು ಲೈಕು ಬಂದಿಲ್ಲ, ಹೇಗೆ ತೆಗೆಯೋದು ಅಂದ ಅವನು.

"ಆ ಚುಕ್ಕೆ ಎಂತಕ್ಕೆ ಅಂತ ನಿನ್ನ ಅಪ್ಪನ ಹತ್ರ ಕೇಳಿದ್ದೀಯಾ ಮಗಾ?"

"ಅರೇ ಆಂಟಿ, ಇಸ್ ಮೇ ಕೇಳ್ಲಿಕ್ಕೆ ಕ್ಯಾ ಹೈ. ನೀವು ವಿಐಪಿ. ಪಪ್ಪಾ ಆ ಲೋಟ ಯಾರಿಗೂ ಟಚ್ ಮಾಡ್ಲಿಕ್ಕೆ ಬಿಡೋದಿಲ್ಲ."

ವಿಐಪಿ ಹೋಗಿ ಸಾಂಬಾರಿನ ಹಂಡೆ ತಿಕ್ಕಿದಳು.

ಆ ಪುಟ ನೋಡಿದ ಯೂನಿವರ್ಸಿಟಿಯ ಹುಡುಗ ಹುಡುಗಿಯರು ಹಿಂಡುಹಿಂಡಾಗಿ ಬರತೊಡಗಿದರು. ಎಲ್ಲರಿಗೂ ಚುಕ್ಕೆ ಲೋಟದಲ್ಲೇ ಕಾಫಿ ಬೇಕು. ಧಣಿಯ ಮುಖ ಮೊದಲು ಬಿಳಿಚಿತು, ಗಲ್ಲಾ ನೋಡಿದ ಮೇಲೆ ಅರಳಿತು. ಹೊಸ ಲೋಟಗಳು ಬಂದವು, ಹಳೆಯದರ ಅಚ್ಚಿನಂಥವೇ. ಸುಕೇಶ್ ಬೆರಳದ್ದಿ ಎಲ್ಲದಕ್ಕೂ ಚುಕ್ಕೆ ಒತ್ತಿದ. ಧಣಿ ಲೋಲಾಕ್ಷಿಯನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು, "ಕಿಟಕಿಯದ್ದು ಕಿಟಕಿಯಲ್ಲೇ ಇರ್ಬೇಕು. ಇದರೊಟ್ಟಿಗೆ ಬೆರೆತರೆ ಕೈ ಮುರಿದು ಹಾಕ್ತೇನೆ."

ಆಯ್ತು ಧಣಿ ಅಂದಳು.

ಅವತ್ತು ಮಧ್ಯಾಹ್ನ ಹಿಂದಿನ ಕಟ್ಟೆಯಲ್ಲಿ ಕೂತು ತನ್ನ ಲೋಟವನ್ನು ಹುಣಸೆಹುಳಿ ಹಾಕಿ ಹೊಸತರಂತೆ ಹೊಳೆಯುವ ತನಕ ತಿಕ್ಕಿದಳು. ಹಳೆಯ ಚುಕ್ಕೆ ಮಾಸಿತ್ತು. ಸುಕೇಶ್ ಬಿಟ್ಟುಹೋದ ಡಬ್ಬಿಯಲ್ಲಿ ಬೆರಳದ್ದಿ, ಅದರ ಮೇಲೆಯೇ ಒತ್ತಿದಳು. ಮರೆಯಲ್ಲಿ ಒಣಗಿಸಿಟ್ಟಳು.

ಭಾನುವಾರ ಬೆಳಿಗ್ಗೆ ಬೋನಸ್ಸಿಗೊಂದು ಲೈವ್ ವಿಡಿಯೋ. ಚುಕ್ಕೆ ಲೋಟದಲ್ಲಿ ಪಪ್ಪಾ ಕಾಫಿ ಕುಡಿಯಬೇಕು. ಧಣಿ ಬಿಳಿ ಪಂಚೆ ಉಟ್ಟು, ಗಂಧ ಹಚ್ಚಿ ನಿಂತರು. ಹುಡುಗರ ಮೊಬೈಲುಗಳೆಲ್ಲ ಎದ್ದು ನಿಂತವು. ಸುಕೇಶ್ ತಟ್ಟೆ ತುಂಬ ಕಾಫಿ ಹೊಯ್ದ ಚುಕ್ಕೆ ಲೋಟ ತಂದ. ಆಂಟಿ ಇಲ್ಲದೆ ಬೋನಸ್ಸೇ ಅಲ್ಲ ಅಂತ ದೀಕ್ಷಿತ್ ಲೋಲಾಕ್ಷಿಯನ್ನೂ ಎಳೆದು ತಂದ.

ಧಣಿ ಒಂದು ಲೋಟ ಎತ್ತಿದರು. ತುಟಿಯ ಹತ್ತಿರ ತಂದವರ ಕಣ್ಣು ಅಡುಗೆಮನೆಯಾಚೆ ಹೋಯಿತು. ಕಿಟಕಿ ಖಾಲಿ.

ಮೊಬೈಲುಗಳಿಗೆ ಹಲ್ಲು ತೋರಿಸುತ್ತಲೇ ಲೋಲಾಕ್ಷಿಯನ್ನು ಮೆಲ್ಲಗೆ ಕೇಳಿದರು, "ನಿನ್ನದೆಲ್ಲಿ?"

"ತೊಳೆದಿಟ್ಟಿದ್ದೇನೆ ಧಣಿ, ಎಲ್ಲದರೊಟ್ಟಿಗೆ."

"ಇದರಲ್ಲಿ ಯಾವುದು, ಬೇವರ್ಸಿ?"

"ನೀವೇ ನೋಡಿ ಹೇಳಿ. ಗುರುತು ಹಾಕಿಸಿದ್ದು ನೀವಲ್ವಾ."

ತಟ್ಟೆಯಿಂದ ಕೈಗೆ ಸಿಕ್ಕಿದ ಲೋಟ ತೆಗೆದುಕೊಂಡು, ಖಾಲಿ ಕುರ್ಚಿಯೊಂದನ್ನು ಎಳೆದು ಕೂತು, ಅವಳು ನಿಧಾನಕ್ಕೆ ಕುಡಿಯತೊಡಗಿದಳು. ಗಿರಾಕಿಗಳ ಜಾಗದಲ್ಲಿ ಕೂತು ಅವಳು ಕುಡಿದ ಮೊದಲ ಕಾಫಿ. ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು.

"ಪಪ್ಪಾ, ಪಿಯೋ ನಾ, ಕುಡಿಯಿರಿ. ಲೈವ್ ಚಲ್ ರಹಾ ಹೈ."

ಅಂಕಲ್, ಅಂಕಲ್ ಅಂತ ಹುಡುಗರು ಚಪ್ಪಾಳೆ ತಟ್ಟಿದರು. ಧಣಿ ಕಣ್ಣು ಮುಚ್ಚಿ ಒಂದು ಗುಟುಕು ಎಳೆದರು.

ಲೋಲಾಕ್ಷಿ ತನ್ನ ಲೋಟ ಖಾಲಿ ಮಾಡಿ ಮೇಜಿನ ಮೇಲಿಟ್ಟಳು. ತೊಳೆಯಲು ಏಳಲಿಲ್ಲ. ಮೊಬೈಲುಗಳು ನೋಡುತ್ತಲೇ ಇದ್ದವು, ಧಣಿಯ ಎರಡೂ ಕೆನ್ನೆ ಇನ್ನೂ ಉಬ್ಬಿಕೊಂಡೇ ಇದ್ದವು.