ಕಾರ್ಡು ಆರಿಸಿದವರು

ಮಾಲತಿ ಜರ್ಬೆರಾ ಹೂಗಳ ದಳ ಬಿಡಿಸುತ್ತಿದ್ದಳು. ಹೂವನ್ನು ತಲೆಕೆಳಗು ಮಾಡಿ ಬುಡದಲ್ಲಿ ಒಮ್ಮೆ ತಿರುಚಿದರೆ ದಳಗಳೆಲ್ಲ ಬೇಸಿನ್ನಿಗೆ ಉದುರುತ್ತಿದ್ದವು. ಬೆಳಿಗ್ಗೆಯೇ ಅಣ್ಣ ಮುನಿರಾಜ್ ಸೇಲಂ ಬಳಿಯ ಮೇಚೇರಿ ಬಸ್‌ಸ್ಟ್ಯಾಂಡಿನ ಅವ್ವನ ಹೂವಿನಂಗಡಿ ತೆಗೆದು, ಬಕೆಟ್ಟುಗಳಲ್ಲಿದ್ದ ಹೂವನ್ನೆಲ್ಲ ಗೋಣಿಗೆ ತುಂಬಿ ತಂದು ಅವಳ ಮುಂದೆ ಸುರಿದಿದ್ದ. ಮೆರವಣಿಗೆಯಲ್ಲಿ ಎರಚಲು ಬೇಕಿತ್ತು. ಮರುದಿನದ ಒಂದು ಆರತಕ್ಷತೆಗೆಂದು ಇಟ್ಟಿದ್ದ ಹೂವೂ ಅದರಲ್ಲಿ ಸೇರಿಹೋಗಿತ್ತು. ಅವಳು ಅದನ್ನೂ ಬಿಡಿಸಿದಳು. ಪಕ್ಕದಲ್ಲೇ ಫ್ರೀಜರ್ ಪೆಟ್ಟಿಗೆಯ ಗಾಜಿನೊಳಗೆ ಅವ್ವ ವಳ್ಳಿಯಮ್ಮ ಮಲಗಿದ್ದಳು. ಗಾಜಿನ ಮೇಲೆ ಹನಿ ಕಟ್ಟುತ್ತಿತ್ತು.

"ಊವಿನಾಗೇ ಬದುಕಿದ್ಲು, ಊವಿನಾಗೇ ಓದ್ಲು ನನ್ ತಂಗಿ," ಎಂದು ದೊಡ್ಡಮುನಿಯಮ್ಮ ಸೆರಗಿನಿಂದ ಹನಿ ಒರೆಸಿದಳು.

"ಪುಣ್ಯವತಿ, ದೊಡ್ಡಮ್ಮ. ಒಂದಿನಾನೂ ಆಸಿಗೆ ಇಡಿದು ಮಲಗ್ಲಿಲ್ಲ," ಎಂದ ಮುನಿರಾಜ್. ಅವನು ಮೆಟ್ಟೂರಿನಲ್ಲಿ ಬಸ್ ಡ್ರೈವರ್. ಮೂರು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ.

ಮಾಲತಿ ಇನ್ನೊಂದು ಹೂ ತಿರುಚಿದಳು. ಕಳೆದ ಎರಡು ತಿಂಗಳು ಅವ್ವನನ್ನು ಬಚ್ಚಲಿಗೆ ಎತ್ತಿಕೊಂಡು ಹೋದವಳು ಅವಳೇ.

ಆಗ ಹಾರ ಹಿಡಿದು ಗೋವಿಂದನ್ ಬಂದ. ಹೂವಿನಂಗಡಿಯ ಪಕ್ಕದಲ್ಲೇ ಅವನ ಮೊಬೈಲ್ ಅಂಗಡಿ; ತಮಿಳು ಬೆರೆಸಿ ಕನ್ನಡ ಆಡುವವನು. ಹಾರ ಹಾಕಿ, ಕೈಮುಗಿದು, ಮುನಿರಾಜನ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಆಚೆ ಕರೆದೊಯ್ದ. ಆಚೆ ಎಂದರೆ ಮಾಲತಿಯ ಬೆನ್ನ ಹಿಂದೆಯೇ.

"ನಡುಗೋಡೆ ಒಡದ್ರೆ ಎಲ್ಡೂ ಒಂದೇ ಆಯ್ತದಪ್ಪಾ. ಓನರ್ ಹತ್ರ ಮಾತು ಪೇಸಿ ಮುಗಿಸ್ಬುಟ್ಟಿವ್ನಿ. ಅಗ್ರಿಮೆಂಟು ನಿನ್ ಎಸ್ರಲ್ಲಿ ಐತೆ ಅಂದ್ರು. ನೀನು ಊಂ ಅಂದ್ರೆ ಸಾಕು."

"ಕರ್ಮ ಮುಗೀಲಿ ಮಾಮ. ಒಂದನೇ ತಾರೀಕಿಂದ ನೀವೇ ತಕಳಿ."

"ನಿನ್ ತಂಗಚ್ಚಿ?"

"ಅವಳಿಗೇನು? ನನ್ ಮನೆಗೆ ಬತ್ತಾಳೆ. ನನ್ನೆಂಡ್ರು ಕೆಲಸಕ್ಕೆ ಓಯ್ತಾಳಲ್ಲ, ಮಕ್ಕಳ್ನ ನೋಡ್ಕಂಡು ಇರ್ತಾಳೆ."

ಮಾಲತಿಯ ಕೈಯಲ್ಲಿದ್ದ ಹೂವಿನ ದಳ ಈ ಸಲ ಸಲೀಸಾಗಿ ಬಿಡಲಿಲ್ಲ.

*

ವಳ್ಳಿಯಮ್ಮ ಮೊದಲು ಮೊಳದ ಲೆಕ್ಕದಲ್ಲಿ ಕನಕಾಂಬರ ಮಾರುತ್ತಿದ್ದಳು. ಜನ ಮದುವೆ ಮನೆಗೆ ಬೊಕೆ ಹಿಡಿದು ಹೋಗಲು ಕಲಿತ ಮೇಲೆ ಅವಳೂ ಹೊಸೂರಿನ ಗುಲಾಬಿ ತರಿಸಿದಳು. ಮಾಲತಿಯನ್ನು ಎಂಟನೇ ಕ್ಲಾಸಿಗೆ ಬಿಡಿಸಿ ಪಕ್ಕದಲ್ಲಿ ಕೂರಿಸಿಕೊಂಡಳು. ಅಂಗಡಿಗೆ 'ಮುನಿರಾಜ್ ಫ್ಲವರ್ಸ್' ಎಂದು ಬೋರ್ಡು ಹಾಕಿಸಿದಳು.

ಬೊಕೆಗೆ ಸಿಕ್ಕಿಸುವ ಕಾರ್ಡುಗಳು ಸೇಲಂನಿಂದ ಕಟ್ಟುಕಟ್ಟಾಗಿ ಬರುತ್ತಿದ್ದವು. ಎಲ್ಲವೂ ಇಂಗ್ಲಿಷಿನವು. ಅವ್ವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ, ಆದರೆ ಕಾರ್ಡು ಆರಿಸುವುದನ್ನು ಗಿರಾಕಿಯ ಕೈಗೆ ಎಂದೂ ಬಿಟ್ಟವಳಲ್ಲ. ಏನು ವಿಶೇಷ ಎಂದು ಕೇಳುವುದಕ್ಕೂ ಮೊದಲು, "ಅವ್ರು ನಿಮ್ಗೆ ಏನಾಗ್ಬೇಕು? ಮಾತುಕತೆ ಐತಾ, ಬುಟ್ಟಿದೀರಾ?" ಎನ್ನುವಳು. ಮಾತು ಬಿಟ್ಟವರಿಗೆ ಬರೀ ಹೂವಿನ ಚಿತ್ರ. ಮಾತಿದ್ದವರಿಗೆ ಎರಡು ಗುಬ್ಬಿಯೋ ಗೊಂಬೆಯೋ. ಮೇಣದಬತ್ತಿಯ ಚಿತ್ರವಿದ್ದರೆ ಎತ್ತಿ ಬಿಸಾಕುವಳು. "ಉಟ್ಟಿದ ದಿನ ದೀಪ ಊದಿ ಆರ್ಸೋರ ಕಾರ್ಡು ನಮ್ಗ್ಯಾಕೆ?"

ಹುಡುಗಿ ದೊಡ್ಡವಳಾದಾಗ ಕೊಡಲು ಯಾವ ಕಂಪನಿಯೂ ಕಾರ್ಡು ಮಾಡುವುದಿಲ್ಲ. ಈ ಕಡೆಯಲ್ಲಿ ಅದಕ್ಕೇ ಬೊಕೆ ಹೆಚ್ಚು ಹೋಗುವುದು. ಹುಟ್ಟುಹಬ್ಬದ ಕಾರ್ಡಿನಲ್ಲಿ 'ಬರ್ತ್‌ಡೇ' ಎಂಬ ಪದದ ಮೇಲೆ ಒಣಗಿದ ಗುಲಾಬಿ ದಳ ಅಂಟಿಸಿ, 'ಹ್ಯಾಪಿ' ಒಂದನ್ನೇ ಉಳಿಸಿದವಳು ಮಾಲತಿ. ನೋಡಿದವರೆಲ್ಲ ಅದನ್ನೇ ಕೇಳತೊಡಗಿದರು. "ನಮ್ ಮುನಿರಾಜನ ಅಂಗ್ಡೀಲಿ ಮಾತ್ರ ಸಿಗೋದು," ಎಂದು ಅವ್ವ ಹೇಳಿಕೊಳ್ಳುತ್ತಿದ್ದಳು.

*

ತಮಟೆಯವರು ಬಂದು ಬೀದಿಯಲ್ಲಿ ಬೆಂಕಿ ಹಾಕಿ ಚರ್ಮ ಕಾಯಿಸುತ್ತಿದ್ದರು. ಕಾಫಿ ಕೊಟ್ಟಾಯಿತು. ಕಾಫಿ ಹೊಟ್ಟೆಗೆ ಬಿದ್ದ ಮೇಲೆ ಗೋವಿಂದನ್‌ಗೆ ಮಾತು ಬಂತು.

"ವಳ್ಳಿಯಮ್ಮಕ್ಕ ಅಂದ್ರೆ ಬುದ್ಧಿ ಅಂದ್ರೆ ಬುದ್ಧಿ. ಈ ಮಾಲತಿ ಮಾತ್ರ ನನ್ ಮಗಳ ವಳೈಕಾಪ್ಪುಗೆ ಎಂಥಾ ಕಾರ್ಡು ಕಳ್ಸಿದ್ಲು ಗೊತ್ತಾ? ಏಳು ತಿಂಗಳ ಬಸುರಿ, ಬಳೆ ತೊಟ್ಟು ಕೂತವ್ಳೆ. ಅಳಿಯ ಇಂಗ್ಲಿಷಲ್ಲಿ ಓದ್ತಾನೆ, ನಿಮ್ಮ ದುಃಖದಲ್ಲಿ ನಾವೂ ಇದ್ದೀವಿ ಅಂತ!"

ಕೂತವರು ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಬಾಯಿಗೆ ಟವಲ್ ಅಡ್ಡ ಹಿಡಿದು ಮತ್ತೆ ನಕ್ಕರು.

"ಅದ್ಕೇ ಮಾಮ," ಎಂದ ಮುನಿರಾಜ್, "ಅವ್ವ ಇರೋ ತಂಕ ಸರಿ. ಇವಳ ಕೈಗೆ ಬುಟ್ರೆ ಮದ್ವೆ ಮನೆಗೆಲ್ಲ ತಿಥಿ ಕಾರ್ಡೇ."

*

ಆ ಕಾರ್ಡನ್ನು ಆರಿಸಿದ್ದು ಅವ್ವ. ಬೆಳ್ಳಗಿನ ಲಿಲ್ಲಿ ಹೂ, ಸುತ್ತ ಬೆಳ್ಳಿಯ ಗೆರೆ. "ಎಂಗೈತೆ ನೋಡು, ಮಲ್ಲಿಗೆ ಅಂಗೆ," ಎಂದು ತಾನೇ ರಿಬ್ಬನ್ನಿಗೆ ಸಿಕ್ಕಿಸಿದ್ದಳು. ಮಾಲತಿ ಆಗ ಅಡಿಕೆಯಷ್ಟು ಪುಟ್ಟ ಗಂಟುಗಳಲ್ಲಿ ರಿಬ್ಬನ್ ಕಟ್ಟುತ್ತಿದ್ದಳು.

ಅಂದು ಸಂಜೆ ಗೋವಿಂದನ್ ಕಾರ್ಡನ್ನು ಹರಿದು ಅಂಗಡಿಯೊಳಗೆ ಎಸೆದಾಗ ಅವ್ವ ಒಂದು ಗಳಿಗೆಯೂ ತಡಮಾಡಲಿಲ್ಲ. ಮಗಳ ತಲೆಗೆ ಮೊಟಕಿದಳು. "ಮನ್ನಿಚ್ಚಿಡಣ್ಣಾ, ತಪ್ಪಾಯ್ತು. ಓದಿಲ್ಲದ ಕತ್ತೆ. ನಾನು ಆ ಕಡೆ ತಿರುಗಿದ್ದೆ, ಇವಳು ಇಟ್ಬುಟ್ಲು."

ಅವನು ಹೋದ ಮೇಲೆ ಬಿಸಿ ಬೋಂಡಾ ತರಿಸಿ ಮಗಳ ಮುಂದಿಟ್ಟಳು.

"ನಿಂಗೆ ಬರಾಕಿಲ್ಲ ಅಂದ್ರೆ ಯಾರೂ ಏನೂ ಅಂದ್ಕಳಲ್ಲ ಕಣೆ. ನಂಗೆ ಬರಾಕಿಲ್ಲ ಅಂದ್ರೆ ಗಿರಾಕಿ ತಿರುಗಿ ನೋಡಲ್ಲ. ತಿನ್ನು."

ಮಾಲತಿ ತಿಂದಳು. ಅಂದಿನಿಂದ ಪ್ರತಿ ಕಾರ್ಡನ್ನೂ ಫೋನಿನ ಕ್ಯಾಮೆರಾಕ್ಕೆ ಹಿಡಿದು, ತಮಿಳಿನಲ್ಲಿ ಓದಿಕೊಂಡು, ಆಮೇಲೆ ಅವ್ವನ ಕೈಗೆ ಕೊಡುತ್ತಿದ್ದಳು. ಇನ್ನೊಂದು ತಪ್ಪು ಆಗಲಿಲ್ಲ. ಅದು ಯಾರಿಗೂ ಗೊತ್ತಾಗಲೂ ಇಲ್ಲ.

*

"ಅದು ಅವ್ವ ಆರ್ಸಿದ್ದು," ಎಂದಳು ಮಾಲತಿ.

ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಎಲ್ಲರೂ ತಿರುಗಿದರು.

"ಎನ್ನ? ಏನು?" ಎಂದ ಗೋವಿಂದನ್.

"ಆ ಬಿಳೀ ಕಾರ್ಡು. ನಾನಲ್ಲ. ಅವ್ವ."

ದೊಡ್ಡಮುನಿಯಮ್ಮ ಎದೆ ಬಡಿದುಕೊಂಡಳು. "ಎಣ ಇನ್ನೂ ಮನ್ಯಾಗೈತೆ, ಅದ್ರ ಮ್ಯಾಲೆ ತಪ್ಪು ಆಕ್ತೀಯಲ್ಲೇ! ಎತ್ತವ್ಳು ಬಂದು ಇಲ್ಲ ಅಂತಾಳಾ? ನಾಲಿಗೆ ಬಿದ್ದೋಗ!"

"ಸತ್ತೋಳು ಎಂಗೆ ಸಾಕ್ಷಿ ಏಳ್ತಾಳೆ," ಎಂದ ಮುನಿರಾಜ್, ಮೆಲ್ಲಗೆ, ತಂಗಿಯನ್ನು ನೋಡದೆ. "ಊವ ಬಿಡ್ಸಾಯ್ತಾ? ಬೇಸಿನ್ ತತ್ತಾ."

ತಮಟೆ ಶುರುವಾಯಿತು, ಮೆರವಣಿಗೆ ಹೊರಟಿತು. ಹೆಂಗಸರು ಬೀದಿ ಕೊನೆಯ ನೀರಿನ ಟ್ಯಾಂಕಿನವರೆಗೆ ಹೋಗಿ ನಿಂತರು. ಅಲ್ಲಿಂದ ಮುಂದೆ ಹೆಂಗಸರು ಹೋಗುವಂತಿಲ್ಲ. ಮಾಲತಿಗೆ ಅಳು ಬಂತು. ಅವ್ವನಿಗಾಗಿಯೋ ಇನ್ನೇತಕ್ಕೋ ಅವಳಿಗೇ ತಿಳಿಯಲಿಲ್ಲ. "ಈಗ ಅಳ್ತಾಳೆ ನೋಡು," ಎಂದರು ಯಾರೋ ಹಿಂದಿನಿಂದ.

ಗಂಡಸರು ಸ್ನಾನ ಮಾಡಿ ಹಿಂದಿರುಗಿದಾಗ ಮನೆ ತೊಳೆದಾಗಿತ್ತು. ಗೋವಿಂದನ್ ಮುನಿರಾಜನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಗಾಳಿಯಲ್ಲಿ ಬೆರಳಿನಿಂದ ಗೀಟು ಎಳೆಯುತ್ತಿದ್ದ. ಕೌಂಟರು ಇಲ್ಲಿ, ಗಾಜಿನ ಬಾಗಿಲು ಅಲ್ಲಿ. ದೊಡ್ಡಮುನಿಯಮ್ಮ ಮೆಟ್ಟಿಲ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಶಾಮಿಯಾನದವರು ಕುರ್ಚಿಗಳನ್ನು ಒಂದರೊಳಗೊಂದು ಸಿಕ್ಕಿಸಿ ಆಟೋಗೆ ಏರಿಸುತ್ತಿದ್ದರು.

ಮಾಲತಿ ಅಣ್ಣನ ಎದುರು ಬಂದು ನಿಂತಳು. ಮನೆ ತೊಳೆದು ಒದ್ದೆಯಾದ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಶಾಮಿಯಾನದವನು ಬಂದು, "ಅಣ್ಣಾ, ಕುರ್ಚಿ," ಎಂದ. ಮುನಿರಾಜ್ ಎದ್ದು ಕೊಟ್ಟ. ಗೋವಿಂದನ್ ಕೂಡ ಎದ್ದು, ಪಂಚೆ ಕೊಡವಿ, ತನ್ನದನ್ನೂ ಕೊಟ್ಟ.

"ಅಂಗ್ಡಿ ನಾನು ನಡಸ್ತೀನಣ್ಣ," ಎಂದಳು ಮಾಲತಿ. "ನಂಗೆ ಬುಟ್ಬುಡು."